ಮ್ಯೂಟಮ್ಮನ ಚಿಟಿಕೆ ಸೇವೆ

ಬೆಂಗಳೂರಿಗೆ 1898ರಲ್ಲಿ ಪ್ಲೇಗು ಬಂತು, ಅದರ ಬೆನ್ನಿಗೇ ಪ್ಲೇಗಮ್ಮ ಬಂದಳು. ಇವತ್ತಿಗೂ ಅವಳಿಗೆ ಗುಡಿಯಿದೆ, ಪೂಜೆಯಿದೆ. 2020ರಲ್ಲಿ ಕೊರೊನಾ ಬಂತು. ಅದರ ಬೆನ್ನಿಗೆ ಬಂದವಳು ನಾನು, ಮ್ಯೂಟಮ್ಮ. ನನಗಿನ್ನೂ ಯಾರೂ ಗುಡಿ ಕಟ್ಟಿಸಿಲ್ಲ. ಆದರೆ ಬೆಳಗಿನ ಆರು ಗಂಟೆಗೆ ನನ್ನ ಹೆಸರು ಹೇಳಿ ನೋಡಿ, ತುಮಕೂರಿನಿಂದ ಟೊರಾಂಟೋವರೆಗೆ 140 ಮನೆಗಳಲ್ಲಿ ಮಿಕ್ಸಿ ಗಪ್‌ಚಿಪ್ಪಾಗುತ್ತದೆ.

ವಿಷಯ ಇಷ್ಟೆ. ದಿನಾ ಬೆಳಿಗ್ಗೆ ಆರಕ್ಕೆ ಜೂಮಿನಲ್ಲಿ ನಮ್ಮ ವಿಷ್ಣುಸಹಸ್ರನಾಮ ಪಾರಾಯಣ. ಟೀಚರಮ್ಮ ಹೇಳುತ್ತಾರೆ. ಮಿಕ್ಕವರು ಬಾಯಿ ತೆರೆದು, ಮೈಕು ಮುಚ್ಚಿ ಜೊತೆಗೆ ಹೇಳಬೇಕು. ಬಾಯಿ ಮುಚ್ಚಿ ಮೈಕು ತೆರೆದಿಟ್ಟುಕೊಂಡು ಕೂರುವವರೇ ಹೆಚ್ಚು. ಆ ಮೈಕುಗಳನ್ನು ಹುಡುಕಿ ಹುಡುಕಿ ಮುಚ್ಚುವುದು ನನ್ನ ಸೇವೆ. ಕೆಲಸ ಅನ್ನಬಾರದು, ಸೇವೆ ಅನ್ನಬೇಕು. ಕೆಲಸ ಅಂದರೆ ಎಷ್ಟು ಕೊಡ್ತೀರಿ ಅನ್ನಬೇಕಾಗುತ್ತದೆ. ಸೇವೆ ಅಂದರೆ ನಾವೇ ಕೊಟ್ಟು ಮಾಡಬೇಕು. ನನ್ನ ಡೇಟಾ, ನನ್ನ ಕರೆಂಟು, ನನ್ನ ನಿದ್ದೆ.

ಮೈಕು ಯಾಕೆ ಮುಚ್ಚಬೇಕು, ಎಲ್ಲರೂ ಒಟ್ಟಿಗೆ ಹೇಳಿದರೆ ಚೆಂದವಲ್ಲವೇ ಅಂತ ಹೊಸಬರು ಕೇಳುತ್ತಾರೆ. ನಾವೂ ಮೊದಲ ದಿನ ಹಾಗೇ ಅಂದುಕೊಂಡಿದ್ದೆವು. ನೆಟ್‌ವರ್ಕಿನಲ್ಲಿ ಧ್ವನಿ ಬಂದು ಮುಟ್ಟುವುದಕ್ಕೆ ಅರೆಕ್ಷಣ ಬೇಕು, ಆ ಅರೆಕ್ಷಣ ಒಬ್ಬೊಬ್ಬರಿಗೆ ಒಂದೊಂದು ಅಳತೆ. ಇವರು ತಡ ಅಂತ ಅವರು ನಿಧಾನಿಸಿದರು, ಅವರು ನಿಧಾನಿಸಿದರು ಅಂತ ಇವರು ಕಾದರು. ಹತ್ತು ಶ್ಲೋಕ ಮುಗಿಯುವುದರೊಳಗೆ ಅರಸೀಕೆರೆ ಜಂಕ್ಷನ್ನಿನಲ್ಲಿ ಮೂರು ರೈಲು ಒಟ್ಟಿಗೆ ಬಂದ ಹಾಗಾಯಿತು. ಯೋಚನೆ ಮಾಡಿದರೆ ಮೂಲದಲ್ಲೂ ವ್ಯವಸ್ಥೆ ಹೀಗೇ ಇತ್ತಲ್ಲ. ಅನುಶಾಸನ ಪರ್ವದಲ್ಲಿ ಶರಶಯ್ಯೆಯ ಮೇಲಿದ್ದ ಭೀಷ್ಮರು ಒಬ್ಬರೇ ಹೇಳಿದರು, ಧರ್ಮರಾಯ ಕೇಳಿಸಿಕೊಂಡ. ಯಾರ ಹೆಸರುಗಳನ್ನು ಹೇಳುತ್ತಿದ್ದರೋ ಆ ಕೃಷ್ಣನೇ ಅಲ್ಲಿದ್ದ. ಅವನೂ ಮ್ಯೂಟ್‌ನಲ್ಲೇ ಇದ್ದ.

ಶುರುವಾದದ್ದು 2020ರ ಏಪ್ರಿಲ್ 2ರಂದು, ರಾಮನವಮಿಯ ದಿನ. ಮೈಸೂರಿನ ನಮ್ಮ ಬಡಾವಣೆಯ ರಾಮಮಂದಿರದಲ್ಲಿ ಪ್ರತಿ ವರ್ಷ ಕೋಸಂಬರಿಗೆ ಸೌತೆಕಾಯಿ ಹೆಚ್ಚುವ ಸೇವೆ ನನ್ನದಾಗಿತ್ತು. ಅದರಲ್ಲಿ ನನಗೆ ಹೆಸರಿತ್ತು. ಆ ವರ್ಷ ಲಾಕ್‌ಡೌನ್, ಮಂದಿರಕ್ಕೆ ಬೀಗ. ರಾಮನಿಗೇ ಪಾನಕ ಇಲ್ಲ, ಇನ್ನು ನಮಗೆಲ್ಲಿ? ಮಂದಿರದ ಪಡಸಾಲೆಯಲ್ಲಿ ಪಾಠ ಹೇಳಿಕೊಡುತ್ತಿದ್ದ ಟೀಚರಮ್ಮನಿಗೆ ಅವರ ಮೊಮ್ಮಗ ಒಂದು ಲಿಂಕು ಮಾಡಿಕೊಟ್ಟ. ಏಳು ಜನ ಸೇರಿದೆವು. ಅದರಲ್ಲಿ ಮೂವರ ಮುಖ ಕಾಣಲಿಲ್ಲ, ಇಬ್ಬರ ಹಣೆ ಮಾತ್ರ ಕಂಡಿತು, ಒಬ್ಬರ ಮನೆಯ ಸೀಲಿಂಗ್ ಫ್ಯಾನು ಕಂಡಿತು. ಆ ಫ್ಯಾನಿಗೆ ಟೀಚರಮ್ಮ, "ಚೆನ್ನಾಗಿದ್ದೀರಾ?" ಅಂದರು.

ಜೂಮಿನ ಬಿಟ್ಟಿ ಮೀಟಿಂಗಿಗೆ 40 ನಿಮಿಷದ ಗಡುವು. ಪಾರಾಯಣಕ್ಕೆ ಅರ್ಧ ಗಂಟೆ ಸಾಕು. ಆದರೆ ಅದಕ್ಕೂ ಮುಂಚೆ "ನನ್ನ ಧ್ವನಿ ಕೇಳಿಸ್ತಿದೆಯಾ" ಅನ್ನುವ ಪೂರ್ವಪೀಠಿಕೆಯೊಂದು ಹತ್ತು ನಿಮಿಷ ಹಿಡಿಯುತ್ತಿತ್ತು. ಸ್ತೋತ್ರದ ಕೊನೆಯಲ್ಲಿ ಪಾರ್ವತಿ ಈಶ್ವರನನ್ನು ಕೇಳುತ್ತಾಳೆ, ಇಷ್ಟೊಂದು ಹೆಸರು ಹೇಳುವುದಕ್ಕೆ ಸುಲಭದ ದಾರಿ ಯಾವುದಾದರೂ ಇದೆಯಾ ಅಂತ. ಜಗನ್ಮಾತೆಯೇ ಶಾರ್ಟ್‌ಕಟ್ ಕೇಳಿದ್ದಾಳೆ ಅನ್ನುವುದು ನನಗೆ ಎಷ್ಟೋ ಸಮಾಧಾನ. ಸರಿಯಾಗಿ ಅಲ್ಲಿಗೆ ಬರುವ ಹೊತ್ತಿಗೆ ನಮ್ಮ 40 ನಿಮಿಷ ಮುಗಿದು ಪರದೆ ಕಪ್ಪಾಗುತ್ತಿತ್ತು. ಮೂರು ವಾರ ಪಾರ್ವತಿ ಕೇಳಿದ್ದೇ ಕೇಳಿದ್ದು, ಈಶ್ವರ ಉತ್ತರ ಕೊಡಲೇ ಇಲ್ಲ. ಕೊನೆಗೆ ನ್ಯೂಜೆರ್ಸಿಯ ಒಬ್ಬ ಪುಣ್ಯಾತ್ಮರು ತಮ್ಮ ಕಾರ್ಡು ಉಜ್ಜಿ ಜೂಮಿಗೆ ದುಡ್ಡು ಕಟ್ಟಿದರು. ಈಶ್ವರ ಬಾಯಿ ತೆರೆದ.

ಜನ ಹೆಚ್ಚಾದರು. ಜನ ಹೆಚ್ಚಾದ ಮೇಲೆ ಸೇವೆ ಹುಟ್ಟಲೇಬೇಕಲ್ಲ. ಹರಿಕಥೆಯವರು ಹೇಳುವ ಒಂದು ಕಥೆ ನಿಮಗೂ ಗೊತ್ತಿರುತ್ತದೆ. ಪಟ್ಟಾಭಿಷೇಕ ಆದಮೇಲೆ ಸೀತೆಯೂ ಮೈದುನರೂ ಸೇರಿ ರಾಮನ ಸೇವೆಗಳನ್ನೆಲ್ಲ ತಮ್ಮತಮ್ಮಲ್ಲೇ ಹಂಚಿಕೊಂಡುಬಿಟ್ಟರಂತೆ. ಛತ್ರ ಒಬ್ಬರಿಗೆ, ಚಾಮರ ಒಬ್ಬರಿಗೆ, ಪಾದುಕೆ ಒಬ್ಬರಿಗೆ. ಹನುಮಂತನಿಗೆ ಏನೂ ಇಲ್ಲ. ಅವನು ಪಟ್ಟಿಯನ್ನು ಮೇಲಿಂದ ಕೆಳಗೆ ಓದಿ, "ಪ್ರಭು ಆಕಳಿಸಿದಾಗ ಚಿಟಿಕೆ ಹಾಕುವ ಸೇವೆ ಇದರಲ್ಲಿ ಬಿಟ್ಟುಹೋಗಿದೆ, ಅದು ನನಗಿರಲಿ" ಅಂದ. ಪಾಪದ ಕೋತಿ, ತಗೊಳ್ಳಲಿ ಅಂತ ಒಪ್ಪಿದರು. ಆಮೇಲೆ ಗೊತ್ತಾಯಿತು, ಆಕಳಿಕೆ ಯಾವಾಗ ಬರುತ್ತದೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಹಾಗಾಗಿ ಹನುಮಂತ ಹಗಲೂ ರಾತ್ರಿ ರಾಮನ ಮುಖವನ್ನೇ ನೋಡುತ್ತ ಎದುರಿಗೆ ಕೂರಲೇಬೇಕು!

ನಮ್ಮಲ್ಲೂ ಹಾಗೇ ಆಯಿತು. ಸೇವೆ ಹಂಚುವ ದಿನ ನಮ್ಮ ಬೀದಿಯಲ್ಲಿ ಕರೆಂಟು ಹೋಗಿತ್ತು. ನಾನು ಒಳಗೆ ಬರುವಷ್ಟರಲ್ಲಿ ಲಿಂಕು ಕಳಿಸುವ ಸೇವೆ, ರೆಕಾರ್ಡಿಂಗ್ ಸೇವೆ, ಪಿಡಿಎಫ್ ಸೇವೆ, ಪಂಚಾಂಗ ಸೇವೆ, ಹುಟ್ಟುಹಬ್ಬಕ್ಕೆ ಹೂಗುಚ್ಛದ ಚಿತ್ರ ಹಾಕುವ ಸೇವೆ ಎಲ್ಲವೂ ಖಾಲಿ. ಟೀಚರಮ್ಮ ಕನ್ನಡಕ ಸರಿಮಾಡಿಕೊಂಡು ಪಟ್ಟಿ ನೋಡಿ, "ನಿಮಗೆ ಏನೂ ಉಳಿದಿಲ್ವಲ್ಲಮ್ಮ. ಒಂದು ಕೆಲಸ ಮಾಡಿ, ಗಲಾಟೆ ಮಾಡೋರನ್ನ ಸ್ವಲ್ಪ ನೋಡ್ಕೊಳಿ" ಅಂದರು. ನನ್ನ ಹೆಸರಿನ ಪಕ್ಕ ಕೋ-ಹೋಸ್ಟ್ ಅಂತ ಬಿತ್ತು. ನನ್ನ ಚಿಟಿಕೆ ಸೇವೆ ಶುರುವಾದದ್ದು ಹೀಗೆ.

ಹನುಮಂತನಿಗೆ ಒಂದು ಮುಖ. ನನಗೆ 140. ಅದರಲ್ಲಿ ಆಕಳಿಸುವವರ ಲೆಕ್ಕ ಇಟ್ಟರೆ ದಿನಕ್ಕೆ ಅರವತ್ತಾದರೂ ಆಗುತ್ತದೆ. ಆರಂಭದಲ್ಲಿ ನಾನೂ ಪುಸ್ತಕ ಹಿಡಿದು ಕೂರುತ್ತಿದ್ದೆ. ಎರಡು ಶ್ಲೋಕ ಓದುವುದರೊಳಗೆ ಎಲ್ಲಿಂದಲೋ "ಹಾಲು ಉಕ್ತಾ ಇದೆ ಕಣೇ!" ಅನ್ನುವ ಅಶರೀರವಾಣಿ. ಯಾವ ಚೌಕದಲ್ಲಿ ಹಸಿರು ಅಂಚು ಮಿನುಗಿತು ಅಂತ ಹುಡುಕಿ ಮುಚ್ಚುವಷ್ಟರಲ್ಲಿ ಟೀಚರಮ್ಮ ಐದು ಶ್ಲೋಕ ಮುಂದೆ. ಪುಸ್ತಕ ಬಿಟ್ಟೆ. ಈ ಗುಂಪಿನಲ್ಲಿ ಮೊದಲ ದಿನದಿಂದ ಇದ್ದೂ ಸಹಸ್ರನಾಮ ಬಾಯಿಗೆ ಬರದವಳು ನಾನೊಬ್ಬಳೇ ಅಂದರೆ ನೀವು ನಂಬುವುದಿಲ್ಲ, ಗುಂಪಿನವರಂತೂ ನಂಬುವುದೇ ಇಲ್ಲ. ಮೊನ್ನೆ ಒಬ್ಬರು ಫೋನು ಮಾಡಿ, "ನಿಮ್ಮಂಥ ಏಕಾಗ್ರತೆ ನಮಗೆ ಯಾವಾಗ ಬರುತ್ತೋ! ಕಣ್ಣು ಪರದೆ ಬಿಟ್ಟು ಕದಲಲ್ಲ" ಅಂದರು. ನಾನು ನೋಡುತ್ತಿದ್ದದ್ದು ಅವರ ಮನೆಯವರು ಬನೀನಿನಲ್ಲಿ ಹಿಂದೆ ಓಡಾಡುತ್ತಿದ್ದದ್ದನ್ನು.

ಆದರೆ ನನಗೆ ಬಂದಿರುವ ಜ್ಞಾನ ಬೇರೆ ಯಾರಿಗೂ ಬಂದಿಲ್ಲ. ಒಂದೊಂದು ಮೈಕು ಒಂದೊಂದು ಮನೆ. ಕುಕ್ಕರಿನ ಕೂಗು ಕೇಳಿ ಯಾರ ಮನೆ ಅಂತ ಹೇಳಬಲ್ಲೆ. ಹಾಸನದ ಮೇಷ್ಟ್ರ ಮನೆಯದು ತುಂಡು ಕೂಗು, ಗ್ಯಾಸ್ಕೆಟ್ ಸಡಿಲವಾಗಿದೆ. ತುಮಕೂರಿನಲ್ಲಿ ಸೊಸೆ ದೋಸೆ ಹುಯ್ಯುವುದು ಸೋಮವಾರ, ಗುರುವಾರ. ನಮಗೆ ಬೆಳಗಿನ ಆರು ಅಂದರೆ ಟೊರಾಂಟೋದಲ್ಲಿ ಹಿಂದಿನ ದಿನದ ರಾತ್ರಿ ಎಂಟೂವರೆ. ಅಲ್ಲಿಯ ಮೈಕಿನಲ್ಲಿ ಪಾತ್ರೆ ತೊಳೆಯುವ ಯಂತ್ರ, "ಹೋಂವರ್ಕ್ ಆಯ್ತಾ?" ಅನ್ನುವ ಗದರಿಕೆ. ನಾವು ಹಾಸಿಗೆ ಬಿಟ್ಟು ಬಂದವರು, ಅವರು ಹಾಸಿಗೆ ಕಡೆ ಹೊರಟವರು, ನಡುವೆ ವಿಷ್ಣು. ಅದೂ ವರ್ಷವೆಲ್ಲ ಎಂಟೂವರೆಯಲ್ಲ. ಮಾರ್ಚಿನ ಎರಡನೇ ಭಾನುವಾರ, ನವೆಂಬರಿನ ಮೊದಲ ಭಾನುವಾರ ಅವರು ಗಡಿಯಾರ ತಿರುಗಿಸುತ್ತಾರೆ, ನಾವು ತಿರುಗಿಸುವುದಿಲ್ಲ. ನವೆಂಬರಿನಲ್ಲಿ ಮರೆತವರು ಮಂಗಳಾರತಿ ಆಗಿ ಅರ್ಧ ಗಂಟೆಯಾದ ಮೇಲೆ ಬರುತ್ತಾರೆ. ಮಾರ್ಚಿನಲ್ಲಿ ಮರೆತವರು ಒಂದು ಗಂಟೆ ಮುಂಚೆ ಬಂದು ಬಾಗಿಲಲ್ಲಿ ಕೂತು ನನ್ನನ್ನು ಬೈದುಕೊಳ್ಳುತ್ತಾರೆ.

ಕೇಳಬಾರದ್ದನ್ನೂ ಕೇಳಿದ್ದೇನೆ. ಯಾರ ಮನೆಯ ಸೈಟು ವ್ಯಾಜ್ಯದಲ್ಲಿದೆ, ಯಾರ ಮಗ ಕೆಲಸ ಬಿಟ್ಟ ಸುದ್ದಿ ಅಪ್ಪನಿಗಿನ್ನೂ ಗೊತ್ತಿಲ್ಲ. ಹೇಳುವುದಿಲ್ಲ. ಡಾಕ್ಟರು, ವಕೀಲರು, ಮ್ಯೂಟಮ್ಮ, ಮೂವರೂ ಬಾಯಿ ಬಿಡಬಾರದು. ನಮ್ಮನೆಯವರು ಕಾಫಿ ಮುಂದಿಟ್ಟು ಎಷ್ಟು ಪೂಸಿ ಹೊಡೆದರೂ ಹೇಳಿಲ್ಲ. ಒಂದೆರಡು ಬಿಟ್ಟು.

ಇನ್ನು ಈ ಜೂಮಿನ ಕಿವಿಯ ಸಂಗತಿ. ಯಾವುದು ಮಾತು, ಯಾವುದು ಗದ್ದಲ ಅಂತ ಅದು ತಾನೇ ತೀರ್ಮಾನ ಮಾಡುತ್ತದೆ. ಏಕಸಮ ಗುಂಯ್‌ಗುಡುವುದೆಲ್ಲ ಅದಕ್ಕೆ ಫ್ಯಾನು. ಹಾಗಾಗಿ ಟೀಚರಮ್ಮನ ತಂಬೂರಿಯ ಶ್ರುತಿಯನ್ನು ನುಂಗಿಹಾಕಿತು. ಗಂಟೆ ಬಾರಿಸಿದರೆ ಮೊದಲ ಠಣ್ ಮಾತ್ರ ಬಂದು ಮಿಕ್ಕದ್ದು ಮಾಯ. ಶಂಖ ಊದಿದರೆ ಟೀಚರಮ್ಮ ಕೆನ್ನೆ ಉಬ್ಬಿಸಿಕೊಂಡು ಮೂಕರಂತೆ ಕಾಣುತ್ತಿದ್ದರು. ಸಂಗೀತದವರಿಗೆ ಅಂತಲೇ ಒಂದು ಗುಂಡಿ ಇದೆ, ಒರಿಜಿನಲ್ ಸೌಂಡ್ ಅಂತ. ಅದನ್ನು ಕಂಡುಹಿಡಿಯಲು ನಮಗೆ ಐದು ತಿಂಗಳು ಬೇಕಾಯಿತು. ಅಲ್ಲಿಯವರೆಗೆ ನಮ್ಮ ಪೂಜೆಯಲ್ಲಿ ಶಂಖ ಕೇಳುತ್ತಿರಲಿಲ್ಲ, ಹಾಲು ಉಕ್ಕಿದ್ದು ಮಾತ್ರ ಸ್ಪಷ್ಟವಾಗಿ ಕೇಳುತ್ತಿತ್ತು.

ಈಗ ನಮ್ಮತ್ತೆಯವರ ವಿಷಯಕ್ಕೆ ಬರುತ್ತೇನೆ. ಅವರಿಗೆ ಎಂಬತ್ತನಾಲ್ಕು. ಮಂಡ್ಯದಲ್ಲಿ ನನ್ನ ಮೈದುನನ ಮನೆಯಿಂದ ಸೇರುತ್ತಾರೆ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತಾರಲ್ಲ, 1988ರಲ್ಲಿ ಅವರು ನನ್ನನ್ನು ಮ್ಯೂಟ್ ಮಾಡಿದ್ದರು. ಗುಂಡಿಯೇ ಬೇಕಿರಲಿಲ್ಲ, ಬರೀ ಕಣ್ಣಲ್ಲಿ. ಈಗ ಗುಂಡಿ ನನ್ನ ಕೈಯಲ್ಲಿದೆ. ಆದರೆ ಅವರನ್ನು ಮುಚ್ಚಿಟ್ಟುಕೊಳ್ಳುವುದು ಅಷ್ಟು ಸುಲಭವಲ್ಲ. "ಮೈಕು ಮುಚ್ಚಿ ಹೇಳಿದ್ರೆ ದೇವರಿಗೆ ಹೇಗೆ ಕೇಳಿಸ್ಬೇಕೇ?" ಅನ್ನುವುದು ಅವರ ವಾದ. ಮಡಿಯುಟ್ಟು ಮಣೆಯ ಮೇಲೆ ಕೂರುತ್ತಾರೆ, ಎದುರಿಗೆ ಇನ್ನೊಂದು ಮಣೆಯ ಮೇಲೆ ಫೋನು. ಫೋನು ಮೈಲಿಗೆ, ಮುಟ್ಟುವಂತಿಲ್ಲ. ಮೊಮ್ಮಗಳು ಎದ್ದಿರುವುದಿಲ್ಲ. ದರ್ಭೆಯಿಂದ ಒತ್ತಿ ನೋಡಿದರು, ಆಗಲಿಲ್ಲ. ತುಳಸಿ ಕಡ್ಡಿ, ಆಗಲಿಲ್ಲ. ಈ ಪರದೆಗೆ ಬೆರಳಿನಂತೆ ಒದ್ದೆಯಾದದ್ದು, ಮೈಯ ಸ್ಪರ್ಶ ಇರುವಂಥದ್ದು ಬೇಕು. ಒಂದು ದಿನ ನೈವೇದ್ಯಕ್ಕಿಟ್ಟಿದ್ದ ಬಾಳೆಹಣ್ಣಿನ ತುದಿಯಿಂದ ಒತ್ತಿದರು. ಮೈಕು ತೆರೆಯಿತು!

ಅಂದಿನಿಂದ ನಮ್ಮಿಬ್ಬರ ನಡುವೆ ಬೆಳಗಿನ ಆಟ. ಪೂಜಾಮನೆಯ ಗೋಡೆಯಾಚೆಗೇ ಅವರ ಅಡುಗೆಮನೆ. ಕುಕ್ಕರ್ ಕೂಗುತ್ತದೆ, ನಾನು ಮುಚ್ಚುತ್ತೇನೆ. ಪರದೆಯ ತುಂಬ ಹಳದಿ ಬಾಳೆಹಣ್ಣೊಂದು ಗದೆಯಂತೆ ಮೇಲೆದ್ದು ಬರುತ್ತದೆ, ಮೈಕು ತೆರೆಯುತ್ತದೆ. ಇನ್ನೊಂದು ಕೂಗು, ಮತ್ತೆ ಮುಚ್ಚುತ್ತೇನೆ, ಮತ್ತೆ ಹಣ್ಣು. ಮೈಲಿಗೆ ಫೋನು ಮುಟ್ಟಿದ ಹಣ್ಣು ಮಡಿಯೋ ಮೈಲಿಗೆಯೋ, ಅದನ್ನು ಆಮೇಲೆ ನೈವೇದ್ಯ ಮಾಡುತ್ತಾರೋ ಇಲ್ಲವೋ ಅಂತ ಕೇಳುವ ಧೈರ್ಯ ನನಗಿನ್ನೂ ಬಂದಿಲ್ಲ. ಗುಂಡಿ ಕೈಯಲ್ಲಿದ್ದ ಮಾತ್ರಕ್ಕೆ 1988 ಮರೆಯುತ್ತದೆಯೇ?

ಮಂಗಳಾರತಿಯ ಹೊತ್ತಿನಲ್ಲಿ ನನ್ನ ಸೇವೆ ತಾರಕಕ್ಕೇರುತ್ತದೆ. ಟೀಚರಮ್ಮ ಆರತಿ ತಟ್ಟೆಯನ್ನು ಕ್ಯಾಮೆರಾದ ಹತ್ತಿರ ತರುತ್ತಾರೆ. ತಟ್ಟೆ ಹತ್ತಿರ ಬಂದಮೇಲೆ ಕೈ ಸುಮ್ಮನಿರುತ್ತದೆಯೇ? ಒಂದು ಜನ್ಮದ ರೂಢಿ. 140 ಜೊತೆ ಕೈಗಳು ಪರದೆಗೆ ತಾಗಿ ಕಣ್ಣಿಗೊತ್ತಿಕೊಳ್ಳುತ್ತವೆ. ತಾಗಿದ ಕೂಡಲೇ ಫೋನಿನ ತಳದಿಂದ ಗುಂಡಿಗಳು ಎದ್ದು ಬರುತ್ತವೆ. ಎರಡನೇ ಸಲ ಒತ್ತಿಕೊಂಡವರಲ್ಲಿ ಕೆಲವರ ಮೈಕು ತೆರೆಯುತ್ತದೆ, ಕೆಲವರ ವಿಡಿಯೋ ಮುಚ್ಚುತ್ತದೆ, ಕೆಲವರು ಮೀಟಿಂಗಿನಿಂದಲೇ ಆಚೆ ಬೀಳುತ್ತಾರೆ. ಒಬ್ಬರಂತೂ ಭಕ್ತಿ ಹೆಚ್ಚಾಗಿ ಮೂರು ಸಲ ಒತ್ತಿಕೊಂಡು, ಬಾಗಿಲಲ್ಲಿ ನಿಂತು, "ನನ್ನ ಯಾಕೆ ಹೊರಗೆ ಹಾಕಿದ್ರಿ?" ಅಂತ ನನಗೇ ಫೋನು ಮಾಡಿದರು.

ಬಾಗಿಲು ಅಂದೆ. ವೈಟಿಂಗ್ ರೂಮಿನ ಕಾವಲೂ ನನ್ನದೇ. 2020ರಲ್ಲಿ ಕಂಡಕಂಡ ಮೀಟಿಂಗಿಗೆ ಪೋಲಿಗಳು ನುಗ್ಗಿ ಗಲಾಟೆ ಮಾಡುವುದು ಜಾಸ್ತಿಯಾಗಿ ಜೂಮಿನವರು ಆ ಏಪ್ರಿಲ್‌ನಿಂದ ಪಾಸ್‌ವರ್ಡು, ವೈಟಿಂಗ್ ರೂಮು ಎರಡನ್ನೂ ತಾವಾಗಿಯೇ ಹಾಕಿಕೊಡತೊಡಗಿದರು. ಅಂದಿನಿಂದ ಒಳಗೆ ಬರುವವರನ್ನು ನಾನು ನೋಡಿ ಬಿಡಬೇಕು. ಬಡಿಸುವವರು ನಮ್ಮವರಾದರೆ ಪಂಕ್ತಿಯ ಕೊನೆಯಲ್ಲಿ ಕೂತರೂ ಚಿಂತೆಯಿಲ್ಲ ಅಂತಾರಲ್ಲ, ಹಾಗೆ ಬಾಗಿಲು ತೆಗೆಯುವವಳು ಪರಿಚಯವಿದ್ದರೆ ಅಷ್ಟೋತ್ತರದ ಹೊತ್ತಿಗೆ ಬಂದರೂ ನಡೆಯುತ್ತದೆ. ಆದರೆ ಬಂದವರು ತಮ್ಮ ಹೆಸರಿನಲ್ಲಿ ಬಂದರೆ ತಾನೆ? ರೆಡ್ಮಿ ನೋಟ್ 8 ಅಂತ ನಾಲ್ಕು ಜನ, ಐಫೋನ್ ಅಂತ ಇಬ್ಬರು, ಬರೀ ಚುಕ್ಕಿ ಅಂತ ಒಬ್ಬರು.

2020ರ ಡಿಸೆಂಬರ್ 25, ವೈಕುಂಠ ಏಕಾದಶಿ. ಅವತ್ತು ದೊಡ್ಡ ವಿದ್ವಾಂಸರೊಬ್ಬರ ಪ್ರವಚನ. ಆರಾಯಿತು, ಆರೂಕಾಲಾಯಿತು, ವಿದ್ವಾಂಸರು ಬರಲಿಲ್ಲ. ಟೀಚರಮ್ಮ ಎರಡು ದೇವರನಾಮ ಹೇಳಿ ಕಾಲ ತಳ್ಳಿದರು. ಬಾಗಿಲಲ್ಲಿ "ಫ್ರೀಫೈರ್ ಬಾಸ್" ಅಂತ ಯಾವನೋ ಆರಕ್ಕೆ ಐದು ನಿಮಿಷವಿದ್ದಾಗಿನಿಂದ ನಿಂತಿದ್ದ. ಇಂಥ ಪುಂಡರಿಗಾಗಿಯೇ ಅಲ್ಲವೇ ನಾನು ಕಾವಲು ಕೂತಿರುವುದು ಅಂತ ಎರಡು ಸಲ ಆಚೆ ಹಾಕಿದೆ. ಮೂರನೇ ಸಲ ಬಂದ. ಅಷ್ಟರಲ್ಲಿ ಟೀಚರಮ್ಮನ ಫೋನು ಹೊಡೆದುಕೊಂಡಿತು. ವಿದ್ವಾಂಸರೇ. ಮೊಮ್ಮಗನ ಫೋನಿನಲ್ಲಿ ಬಂದಿದ್ದರು. ವೈಕುಂಠದ ಬಾಗಿಲು ತೆರೆಯುವ ದಿನ ನಾನು ಬಾಗಿಲು ಹಾಕಿದ್ದೆ.

ಅವರು ಬಲು ದೊಡ್ಡವರು, ಕೋಪ ಮಾಡಿಕೊಳ್ಳಲಿಲ್ಲ. ಸನಕಾದಿಗಳನ್ನು ತಡೆದು ಶಾಪ ತಿಂದ ಜಯ ವಿಜಯರ ಕಥೆಯನ್ನೇ ಅವತ್ತಿನ ಪ್ರವಚನಕ್ಕೆ ಎತ್ತಿಕೊಂಡರು. ಅದಕ್ಕಿಂತ ಎರಡು ಬೈದಿದ್ದರೆ ವಾಸಿಯಿತ್ತು. ಭಕ್ತರಾಗಿ ಏಳು ಜನ್ಮವೋ ವೈರಿಗಳಾಗಿ ಮೂರು ಜನ್ಮವೋ ಅಂತ ಕೇಳಿದಾಗ ಆ ದ್ವಾರಪಾಲಕರು ಮೂರೇ ಸಾಕು ಅಂದರಂತೆ. ಒಂದೂವರೆ ಗಂಟೆ ಕೇಳಿದೆ, ನನ್ನ ಮೈಕು ಮುಚ್ಚಿಕೊಂಡು.

ಇಷ್ಟಾದ ಮೇಲಾದರೂ ನಾನು ತೆಪ್ಪಗಿರಬೇಕಿತ್ತು. ಆದರೆ ಸೇವೆಗೂ ಒಂದು ಚಟವಿದೆ. ಶರಣರ ಕಾಲದಲ್ಲಿ ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿನದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮ, ಈ ಆಸೆ ನಮಗೇಕೆ, ಹೋಗಿ ಅಲ್ಲೇ ಸುರಿದು ಬಾ ಅಂತ ವಾಪಸ್ ಕಳಿಸಿದಳಲ್ಲ. ನಮ್ಮ ಗುಂಪಿನಲ್ಲಿ ಲಕ್ಕಮ್ಮ ಒಬ್ಬಳೂ ಇಲ್ಲ, ಮಾರಯ್ಯಂದಿರೇ ಎಲ್ಲ. ಬೆಳಿಗ್ಗೆ ನಮ್ಮಲ್ಲಿ, ಹತ್ತಕ್ಕೆ ಇನ್ನೊಂದು ಗುಂಪಿನಲ್ಲಿ ಗೀತೆಯ ಹದಿನೈದನೇ ಅಧ್ಯಾಯ, ಸಂಜೆ ಮತ್ತೊಂದರಲ್ಲಿ ಸೌಂದರ್ಯಲಹರಿ, ಎಲ್ಲೆಲ್ಲೂ ಕೋ-ಹೋಸ್ಟು. ಮನೆಯಲ್ಲಿ ಬಟ್ಟೆ ಒಣಗಿಸುವುದಕ್ಕೆ ಜನವಿಲ್ಲ. ವಂದನಾರ್ಪಣೆಯಲ್ಲಿ ಹೆಸರು ಬಿಟ್ಟುಹೋದರೆ ನಿಷ್ಕಾಮ ಕರ್ಮದವರು ಅರ್ಧ ಗಂಟೆಯೊಳಗೆ ವಾಟ್ಸಾಪ್ ಗುಂಪು ಬಿಟ್ಟು ಹೋಗಿರುತ್ತಾರೆ. ಅವರನ್ನು ಒಲಿಸಿ ಕರೆತರುವುದಕ್ಕೆ ಇನ್ನೊಬ್ಬರ ಸೇವೆ. ನಾನೇನು ಕಡಿಮೆ? ಸಂಕಲ್ಪದ ಪಟ್ಟಿ ಮಾಡುತ್ತಿದ್ದವರು ಮಗಳ ಬಾಣಂತನಕ್ಕೆ ಹೋದಾಗ, "ನನಗೆ ಕೊಡಿ, ವಿಮೆ ಆಫೀಸಿನಲ್ಲಿ ಮೂವತ್ತೊಂದು ವರ್ಷ ಪಟ್ಟಿಯನ್ನೇ ಮಾಡಿದ್ದೇನೆ" ಅಂತ ಇಸಕೊಂಡೆ.

ಭೀಷ್ಮಾಷ್ಟಮಿಯ ಸಂಕಲ್ಪ. 212 ಜನರ ಹೆಸರು, ಗೋತ್ರ, ನಕ್ಷತ್ರ, ರಾಶಿ. ಗೋತ್ರ ತಿಳಿಯದವರಿಗೆ ಕಾಶ್ಯಪ ಗೋತ್ರ ಹೇಳುವ ರೂಢಿಯಿದೆ, ಆ ಖಾಲಿಗಳನ್ನೆಲ್ಲ ಜೋಪಾನವಾಗಿ ತುಂಬಿದೆ. ಕೊನೆಗೆ, ಹೆಸರುಗಳು ಅಕಾರಾದಿಯಾಗಿದ್ದರೆ ಓದುವವರಿಗೆ ಅನುಕೂಲ ಅಂತ ಎಕ್ಸೆಲ್‌ನಲ್ಲಿ ಹೆಸರಿನ ಸಾಲನ್ನು ಮಾತ್ರ ಆರಿಸಿಕೊಂಡು ಜೋಡಿಸಿಬಿಟ್ಟೆ. ಅದು ಪಾಪ, ಪಕ್ಕದ ಸಾಲುಗಳನ್ನೂ ಜೊತೆಗೆ ಒಯ್ಯಬೇಕೇ ಅಂತ ಕೇಳಿತ್ತು. ಬೇಡ ಅಂದೆ. ಹೆಸರುಗಳು ನಡೆದವು, ಗೋತ್ರ, ನಕ್ಷತ್ರಗಳು ಇದ್ದಲ್ಲೇ ಉಳಿದವು.

ಪುರೋಹಿತರು ಮೈಕಿನ ಮುಂದೆ ಕೂತು ರಾಗವಾಗಿ ಓದುತ್ತ ಹೋದರು. ಮೊದಲು ತುಮಕೂರಿನ ಗಂಡ ಹೆಂಡತಿ ಬೇರೆ ಬೇರೆ ಗೋತ್ರಕ್ಕೆ ಹೋದರು. ಆಮೇಲೆ ವಾಟ್ಸಾಪ್ ಹೊತ್ತಿಕೊಂಡಿತು. "ನಾನು ವಿಶ್ವಾಮಿತ್ರ, ನನ್ನನ್ನು ಯಾಕೆ ಭಾರದ್ವಾಜ ಮಾಡಿದಿರಿ?" ಅಂತ ಒಬ್ಬರು. ಅದಾದರೂ ಪರವಾಗಿಲ್ಲ, ದಾವಣಗೆರೆಯ ಒಬ್ಬರ ಮಗಳಿಗೆ ಗಂಡು ನೋಡುತ್ತಿದ್ದರು. ಹುಡುಗಿ ರೋಹಿಣಿ, ಚಿನ್ನದಂಥ ನಕ್ಷತ್ರ. ನನ್ನ ಪಟ್ಟಿಯಲ್ಲಿ ಮೂಲಾ ಆಗಿದ್ದಳು. ಮೂಲಾ ಅಂದರೆ ಮಾವನಿಗಾಗುವುದಿಲ್ಲ ಅನ್ನುವ ಮಾತು ಇನ್ನೂ ಸತ್ತಿಲ್ಲ. ಬೀಗರಾಗಬೇಕಾದವರು, ಅದರಲ್ಲೂ ಆ ಮಾವನೇ, ಅದೇ ಪಾರಾಯಣದಲ್ಲಿ ಮೂರನೇ ಚೌಕದಲ್ಲಿ ಕೈಮುಗಿದು ಕೂತಿದ್ದರು. ಅವರ ಕೈ ಮೆಲ್ಲಗೆ ಕೆಳಗಿಳಿದದ್ದನ್ನು ನಾನು ನೋಡಿದೆ. ನೋಡುವುದೇ ನನ್ನ ಸೇವೆಯಲ್ಲವೇ.

ಅವತ್ತು ಮಧ್ಯಾಹ್ನದವರೆಗೆ ಫೋನಿನಲ್ಲಿ ತಪ್ಪೊಪ್ಪಿಗೆ. ಮದುವೆ ಆಯಿತು, ಅಕ್ಷತೆ ಹಾಕಿ ಬಂದೆ. ಇಡೀ 212 ಜನರಲ್ಲಿ ಖುಷಿಪಟ್ಟವರು ಒಬ್ಬರೇ. ಮಕರ ರಾಶಿಯವರು, ಸಾಡೇಸಾತಿಯಲ್ಲಿ ಬೆಂದುಹೋಗಿದ್ದರು. ನನ್ನ ಪಟ್ಟಿ ಅವರನ್ನು ಸಿಂಹಕ್ಕೆ ದಾಟಿಸಿತ್ತು. "ಮೇಡಂ, ಎಲ್ಲರದ್ದೂ ಸರಿ ಮಾಡಿ. ನಂದು ಮಾತ್ರ ಹಾಗೇ ಇರ್ಲಿ" ಅಂದರು.

ಪಟ್ಟಿ ಸೇವೆ ನನ್ನಿಂದ ಹೋಯಿತು. ಚಿಟಿಕೆಗೆ ಮರಳಿದೆ.

ಹೋದ ಗೌರಿ ಹಬ್ಬಕ್ಕೆ ಮಗ ಬಂದಿದ್ದ. ಕಂಪ್ಯೂಟರಿನವನು. ಬೆಳಿಗ್ಗೆ ಹಲ್ಲುಜ್ಜುತ್ತ ನನ್ನ ಬೆನ್ನ ಹಿಂದೆ ನಿಂತು ಐದು ನಿಮಿಷ ನೋಡಿದ. ಹಾಸನದ ಕುಕ್ಕರ್, ಮುಚ್ಚಿದೆ. ಮಂಡ್ಯದ ಬಾಳೆಹಣ್ಣು, ಮುಚ್ಚಿದೆ. "ಅಮ್ಮಾ, ದಿನಾ ಹೀಗೇನಾ ಮಾಡೋದು?" ಅಂದ. ನನ್ನ ಮೌಸ್ ಹಿಡಿದು ಎಲ್ಲೋ ಒಂದು ಕಡೆ ಒತ್ತಿ ತೋರಿಸಿದ. ಸೇರಿದವರು ತಾವಾಗಿ ಮೈಕು ತೆರೆದುಕೊಳ್ಳಬಹುದು ಅಂತ ಒಂದು ಸಾಲು, ಅದರ ಪಕ್ಕ ಒಂದು ಟಿಕ್ಕು. "ಇದನ್ನ ತೆಗೆದು ಒಂದ್ಸಲ ಎಲ್ಲರನ್ನೂ ಮ್ಯೂಟ್ ಮಾಡಿದ್ರೆ ಆಯ್ತು. ಮುಗೀತು."

"ಇದು ಯಾವಾಗಿಂದ ಇದೆಯೋ?"

"ಮೊದಲಿಂದಲೂ ಇದೆ."

ಮಾರನೇ ಬೆಳಿಗ್ಗೆ ಹಾಗೇ ಮಾಡಿದೆ. ಒಂದು ಹಾಲು ಉಕ್ಕಲಿಲ್ಲ, ಒಂದು ಹೋಂವರ್ಕ್ ಇಲ್ಲ. ಕಲ್ಯಾಣಿಯ ನೀರಿನಂಥ ಮೌನದಲ್ಲಿ ಟೀಚರಮ್ಮನ ಧ್ವನಿ ಒಂದೇ. ಕೈ ಎಲ್ಲಿಡಬೇಕು ಅಂತ ಗೊತ್ತಾಗಲಿಲ್ಲ. ಎಷ್ಟೋ ಕಾಲದ ಮೇಲೆ ಪುಸ್ತಕ ತೆರೆದೆ, ಒಂದು ಪುಟಕ್ಕೆ ಕಣ್ಣು ಕೂರಿತು. ಫಲಶ್ರುತಿಗೆ ನಮ್ಮನೆಯವರು ಬಂದು ಎಬ್ಬಿಸಿದರು. ಪರದೆಯ ಮೇಲೆ ಟೀಚರಮ್ಮ, "ಇವತ್ತಿನ ಪಾರಾಯಣ ಎಷ್ಟು ಶಾಂತವಾಗಿತ್ತು! ಸೇವೆ ಅಂದ್ರೆ ನಮ್ಮ ಮ್ಯೂಟಮ್ಮನವರದ್ದು" ಅನ್ನುತ್ತಿದ್ದರು. ಕೈಮುಗಿದ ಚಿತ್ರಗಳು ಸಾಲುಸಾಲಾಗಿ ಬಂದು ಬಿದ್ದವು. ಹಿಂದೆ ಒಂದೇ ಒಂದು ದಿನವೂ ಅಷ್ಟು ಬಿದ್ದಿರಲಿಲ್ಲ.

ಮುಗಿದ ಮೇಲೆ ಮಂಡ್ಯದಿಂದ ಫೋನು ಬಂತು.

"ಏನಾಯ್ತೇ ಇವತ್ತು? ಎಷ್ಟು ಒತ್ತಿದ್ರೂ ತೆರೀಲೇ ಇಲ್ಲ. ಎರಡು ಹಣ್ಣು ಹಾಳಾಯ್ತು. ಕಾಯಿತ್ತೋ ಏನೋ ಅಂತ ಆಮೇಲೆ ರಸಬಾಳೆ ತರಿಸಿದೆ, ಅದೂ ಆಗಲಿಲ್ಲ." ಒಂದು ಕ್ಷಣ ಸುಮ್ಮನಿದ್ದು, "ನಾನು ಹೇಳಿದ್ದು ನಿಮಗ್ಯಾರಿಗೂ ಕೇಳಿಸಲಿಲ್ಲ, ಅಲ್ವೇ?" ಅಂದರು.

ಮಗ ಬೆಂಗಳೂರು ಬಸ್ಸು ಹತ್ತಿದ ಮೇಲೆ ಕಂಪ್ಯೂಟರ್ ತೆರೆದು ಆ ಟಿಕ್ಕನ್ನು ಮೊದಲಿದ್ದ ಹಾಗೇ ಹಾಕಿದೆ.

ಮಾರನೇ ದಿನ ಆರು ಗಂಟೆ ಐದು ನಿಮಿಷಕ್ಕೆ ಹಾಸನದಲ್ಲಿ ತುಂಡು ಕೂಗು. ತುಮಕೂರಿನಲ್ಲಿ ದೋಸೆ. ಟೊರಾಂಟೋದಲ್ಲಿ ಯಾರೋ ಯಾರಿಗೋ ಬಾಗಿಲು ಹಾಕಿಕೋ ಅಂದರು. ಕಾಫಿ ಲೋಟ ಹಿಡಿದು ಬಂದ ನಮ್ಮನೆಯವರು, "ಏನೇ ಇದು, ನಿನ್ನೆ ಅಷ್ಟು ಚೆನ್ನಾಗಿತ್ತು, ಇವತ್ತು ಮತ್ತೆ ಸಂತೆ?" ಅಂದರು.

"ನೆಟ್‌ವರ್ಕು ಸರಿಯಿಲ್ಲ ಕಣ್ರೀ" ಅಂದೆ.

ಮಂಡ್ಯದ ಕುಕ್ಕರ್ ಮೂರನೇ ಸಲ ಕೂಗಿತು. ಅತ್ತೆಯವರ ಚೌಕ ಹುಡುಕಿ ಮುಚ್ಚಿದೆ. ಎರಡು ಶ್ಲೋಕ ಕಳೆಯಿತು, ಮೂರಾಯಿತು. ನಾನು ಪರದೆ ಬಿಟ್ಟು ಕದಲಲಿಲ್ಲ. ನಾಲ್ಕನೆಯದರ ನಡುವಿನಲ್ಲಿ, ಆ ಚೌಕದ ಕೆಳಗಿನಿಂದ, ಸಿಪ್ಪೆಯ ಮೇಲೆ ಎರಡು ಕಪ್ಪು ಚುಕ್ಕೆಯಿದ್ದ ಹಳದಿ ತುದಿಯೊಂದು ಮೆಲ್ಲಗೆ ಮೇಲೆ ಬಂತು.